ಹೊಳಿಸಿರೂರಿನ ಮಹಡಿಗಳು

ಸೇಡಂ
18 ನವೆಂಬರ್ 2024

ಹಣಮಂತರಾಯ ಅವರಿಗೆ,
ಕೇಂದ್ರ ಕಾರಾಗೃಹ, ಕಲಬುರಗಿ.

ಇದು ಅಂಬುಜಾ ಬರೆಯುವ ಪತ್ರ. ಒಂದು ಕೆಲಸದ ವಿಷಯ ಕೇಳುವುದಿದೆ. ಅಷ್ಟಕ್ಕೇ ಬರೆಯುತ್ತಿದ್ದೇನೆ, ಬೇರೆ ಯಾವುದಕ್ಕೂ ಅಲ್ಲ.

ಜೂನ್ ತಿಂಗಳಲ್ಲಿ ಶಹಾಬಾದ ಬಿಟ್ಟು ಅವ್ವನನ್ನು ಕರೆದುಕೊಂಡು ಸೇಡಮ್ಮಿಗೆ ಬಂದೆ. ಇಲ್ಲಿಂದ ಮಳಖೇಡದ ಕಡೆ ಹೋಗುವ ರಸ್ತೆಯಲ್ಲಿ ಒಂದು ಸರಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿ ಆಗಿದ್ದೇನೆ. ಸೆಪ್ಟೆಂಬರಿನಲ್ಲಿ ಕಾಗಿಣಾ ಹೊಳೆ ಏರಿದಾಗ ಹೊಳಿಸಿರೂರ ಎಂಬ ಊರಿನ ಕೆಳಗಿನ ಓಣಿ ಪೂರ್ತಿ ಹೋಯಿತು. ಆ ಓಣಿಯ ಜನರನ್ನು ನಮ್ಮ ಶಾಲೆಯ ಹಿಂದೆ ದನ ಮೇಯುವ ಗಾಯರಾಣದಲ್ಲಿ ತಗಡಿನ ಶೆಡ್ಡು ಹಾಕಿ ಇಟ್ಟಿದ್ದಾರೆ. ಅವರ ಮಕ್ಕಳು ಮೂವತ್ತೊಂದು ಮಂದಿ ನಮ್ಮಲ್ಲಿಗೆ ಬರುತ್ತಾರೆ. ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ‘ನಿ’ ಎಂದು ಬರೆಯಬೇಕು. ನಿರಾಶ್ರಿತ ಎಂದು.

ಅವರಿಗಾಗಿ ಸಾಮಾನು ತುಂಬಿದ್ದ ಒಂದು ಕೋಣೆ ಖಾಲಿ ಮಾಡಿದ್ದೇವೆ. ಅದರ ಗೋಡೆಗೆ ಮಕ್ಕಳಿಂದಲೇ ಚಿತ್ರ ಬರೆಸಬೇಕೆಂದು ಮುಖ್ಯಗುರು ಶಿವರಾಯ ಸರ್ ಹೇಳುತ್ತಾರೆ. ಅವರು ಚಿಂಚೋಳಿ ಕಡೆಯವರು. ಶಹಾಬಾದದ ಅಂಗಡಿಗಳ ಮೇಲೆ ‘ಹಣಮಂತ ಆರ್ಟ್ಸ್’ ಎಂದು ಓದಿದ್ದಾರಂತೆ. “ನಿಮ್ಮದು ಪೇಂಟರ್ ಮನಿ ಅಲ್ರೀ ಮೇಡಂ, ನೀವೇ ಮಾಡಿಸ್ರಿ” ಎಂದರು. ಆಮೇಲೆ ನಡೆದದ್ದು ಅವರಿಗೆ ಗೊತ್ತಿಲ್ಲ. ನಾನೂ ಹೇಳಿಲ್ಲ. ಬಣ್ಣದ ಅಂಗಡಿಯವರೊಬ್ಬರು ಆರು ಡಬ್ಬಿ ಕೊಟ್ಟಿದ್ದಾರೆ. ನನಗೆ ಬ್ರಶ್ ಹಿಡಿಯಲು ಬರುವುದಿಲ್ಲ.

ಗೋಡೆ ಶಹಾಬಾದ ಕಲ್ಲಿನದು, ಮೇಲೆ ಗಿಲಾವು. ನನ್ನ ಸೊಂಟದವರೆಗೆ ಪಸೆ ಇದೆ, ಬಿಳಿ ಉಪ್ಪು ಬಿಟ್ಟಿದೆ. ಮೊದಲು ಏನು ಮಾಡಬೇಕು, ಆಮೇಲೆ ಏನು ಮಾಡಬೇಕು, ಅದನ್ನು ಬರೆಯಬೇಕು.

ಅವ್ವ ಆರಾಮ ಇದ್ದಾಳೆ.

ಅಂಬುಜಾ


ಕಲಬುರಗಿ
27 ನವೆಂಬರ್ 2024

ಚಿ. ಅಂಬುಜಾಳಿಗೆ ಅಣ್ಣನ ಆಶೀರ್ವಾದಗಳು.

ಹಿಂದೆ ನಿನಗೆ ಚಿ. ಸೌ. ಎಂದು ಬರೆಯುತ್ತಿದ್ದೆ. ಇವತ್ತು ಚಿ. ಬರೆದ ಮೇಲೆ ಕೈ ನಿಂತಿತು. ಕಾಗದ ಬದಲಿಸಿ ಮತ್ತೆ ಶುರು ಮಾಡಿದ್ದೇನೆ.

ನಿನ್ನ ಪತ್ರ ಬಂತೆಂದು ಹೇಳಿದಾಗ ಬೇರೆ ಯಾರೋ ಹಣಮಂತರಾಯ ಇರಬೇಕು ಎಂದೆ. ನಿನ್ನಿಂದ ಒಂದು ಮಾತು ಬಂದು ಎರಡು ವರ್ಷ ಒಂಬತ್ತು ತಿಂಗಳಾಯಿತು. ಇರಲಿ, ನೀನು ಕೇಳಿದ್ದನ್ನು ಬರೆಯುತ್ತೇನೆ.

ಉಪ್ಪು ಬಿಟ್ಟ ಗೋಡೆಗೆ ಅವಸರ ನಡೆಯುವುದಿಲ್ಲ. ಕಬ್ಬಿಣದ ಪಟ್ಟಿಯಿಂದ ಹಳೆಯ ಸುಣ್ಣವನ್ನೆಲ್ಲ ಕೆರೆಯಿಸು. ಒಣ ಬ್ರಶ್‌ನಿಂದ ಉಪ್ಪು ಉದುರಿಸು. ನೀರು ಹಾಕಿ ತೊಳೆಯಬೇಡ, ತೊಳೆದರೆ ಉಪ್ಪು ಮತ್ತೆ ಒಳಗೆ ಹೋಗುತ್ತದೆ. ಕಿಟಕಿ ಬಾಗಿಲು ತೆರೆದು ಹದಿನೈದು ದಿನ ಬಿಡು. ಆಮೇಲೆ ತೆಳ್ಳಗೆ ಸುಣ್ಣ, ಎರಡು ಸಲ. ಪಸೆ ಇರುವ ಕಡೆ ಆಯಿಲ್ ಪೇಂಟ್ ಬೇಡವೇ ಬೇಡ, ಒಂದು ಮಳೆಗಾಲದಲ್ಲಿ ಗುಳ್ಳೆ ಏಳುತ್ತದೆ. ನೇರ ಗೆರೆ ಬೇಕಾದರೆ ಬಟ್ಟೆಗೆ ಹಾಕುವ ನೀಲಿಯಲ್ಲಿ ನೂಲು ಅದ್ದಿ, ಎರಡು ಕಡೆ ಇಬ್ಬರು ಹಿಡಿದು, ನಡುವೆ ಎಳೆದು ಬಿಡಬೇಕು.

ಇನ್ನೊಂದು ಮಾತು. ಏಣಿ ಹಾಕಬೇಡ. ಬೆಂಚಿನ ಮೇಲೆ ಸ್ಟೂಲು ಇಡಬೇಡ. ನೆಲದ ಮೇಲೆ ನಿಂತು ಮಕ್ಕಳ ಕೈ ಎಷ್ಟು ಎತ್ತರ ಮುಟ್ಟುತ್ತದೆಯೋ ಅಷ್ಟೇ ಚಿತ್ರ. ಅದರ ಮೇಲಿನ ಗೋಡೆ ಬಿಳಿ ಇದ್ದರೆ ಯಾರಿಗೂ ಏನೂ ಆಗುವುದಿಲ್ಲ.

ಅವ್ವ ಆರಾಮ ಇದ್ದಾಳೆ ಎಂದಷ್ಟೇ ಬರೆದಿದ್ದೀಯ. ಮೊಣಕಾಲು ಹೇಗಿದೆ? ನನ್ನ ವಿಷಯ ಏನಾದರೂ ಕೇಳುತ್ತಾಳೆಯೇ?

ಹಣಮಂತರಾಯ


ಸೇಡಂ
28 ಡಿಸೆಂಬರ್ 2024

ಹಣಮಂತರಾಯ ಅವರಿಗೆ,

ಹೇಳಿದಂತೆ ಮಾಡಿದೆವು. ಹದಿನೈದು ದಿನ ಬಿಟ್ಟೆವು. ಶಿವರಾಯ ಸರ್ ದಿನಾ ಬಂದು ಗೋಡೆ ಮುಟ್ಟಿ ನೋಡಿ ಹೋಗುತ್ತಿದ್ದರು. ಸುಣ್ಣ ಎರಡು ಸಲ ಆಗಿದೆ. ಏಣಿ ಹಾಕಿಲ್ಲ.

ಸರ್ ಒಂದು ಪಟ್ಟಿ ಕೊಟ್ಟಿದ್ದರು. ರಾಷ್ಟ್ರಪಕ್ಷಿ, ಹಣ್ಣುಗಳು, ಕೈ ತೊಳೆಯುವ ವಿಧಾನ. ಪಟ್ಟಿಯನ್ನು ಮಕ್ಕಳ ಮುಂದೆ ಓದಿದೆ. ಯಾರೂ ಏನೂ ಅನ್ನಲಿಲ್ಲ. ಈ ಮಕ್ಕಳು ಹಾಗೆಯೇ. ಕುಂದ್ರಿ ಅಂದರೆ ಕೂಡುತ್ತಾರೆ, ಬರೀರಿ ಅಂದರೆ ಬರೆಯುತ್ತಾರೆ. ಬಿಸಿಯೂಟದ ಗಂಟೆ ಹೊಡೆದರೂ ಓಡುವುದಿಲ್ಲ. ಸರಿ, ನಿಮ್ಮ ಊರನ್ನೇ ಬರೆಯಿರಿ ಎಂದು ಬಳಪ ಕೊಟ್ಟೆ.

ಮೊದಲ ದಿನ ಬರೆಯಲಿಲ್ಲ. ಎರಡನೆಯ ದಿನ ಒಬ್ಬ ನೆಲದ ಮೇಲೆ ನಳ ಬರೆದ. ಇನ್ನೊಬ್ಬಳು ನಳ ಅಲ್ಲಿರಲಿಲ್ಲ, ಹಿಟ್ಟಿನ ಗಿರಣಿಯ ಈಚೆ ಇತ್ತು ಎಂದಳು. ಅಲ್ಲಿಂದ ಜಗಳ ಶುರುವಾಯಿತು. ಗಿರಣಿಯಿಂದ ನಳಕ್ಕೆ ಎಷ್ಟು ಹೆಜ್ಜೆ, ಹೊಳೆಗೆ ಇಳಿಯುವ ದಾರಿ ಯಾರ ಮನೆಯ ಹಿಂದೆ, ಯಾರ ಎಮ್ಮೆ ಎಲ್ಲಿ ಕಟ್ಟುತ್ತಿದ್ದರು ಎಂದು ವಾರವೆಲ್ಲ ಜಗಳ. ಈ ಮಕ್ಕಳ ಗಲಾಟೆ ನಾನು ಕೇಳಿದ್ದು ಅದೇ ಮೊದಲು. ಪಕ್ಕದ ಕೋಣೆಯ ಮೇಡಂ ಬಂದು ದೂರು ಹೇಳಿ ಹೋದರು.

ಈಗ ಗೋಡೆಯ ಮೇಲೆ ಓಣಿ ಇದೆ. ನೀಲಿಯ ಗೆರೆ ಮಾತ್ರ. ಪ್ರತಿಯೊಬ್ಬರೂ ತಮ್ಮ ತಮ್ಮ ಮನೆ ಬರೆದಿದ್ದಾರೆ. ಗುಡಿ ಬೇಕೆಂದು ಸರ್ ಹೇಳಿದರು. ಅದು ಮೇಲಿನ ಓಣಿಯಲ್ಲಿತ್ತು, ತಮಗೆ ಕಾಣುತ್ತಿರಲಿಲ್ಲ ಎಂದು ಮಕ್ಕಳು ಬಿಟ್ಟರು. ಹೊಳೆಯನ್ನು ಯಾರೂ ಬರೆದಿಲ್ಲ. ಬರೆಯಿರಿ ಎಂದು ನಾನೂ ಹೇಳಿಲ್ಲ.

ಗುಲ್ಶನ್ ಎಂಬ ಹುಡುಗಿ ಇದ್ದಾಳೆ, ಐದನೆಯ ತರಗತಿ. ಈ ಮೂವತ್ತೊಂದರಲ್ಲಿ ಅವಳೊಬ್ಬಳೇ ದಿನವಿಡೀ ಮಾತಾಡುತ್ತಾಳೆ. ಮಾತಿನಲ್ಲಿ ಅರ್ಧ ಸುಳ್ಳು.

ಇರುವ ಬಣ್ಣ ಬಿಳಿ, ಹಳದಿ, ಕೆಂಪು, ನೀಲಿ, ಕಪ್ಪು, ಹಸಿರು. ಮಣ್ಣಿನ ಗೋಡೆಯ ಬಣ್ಣ ಹೇಗೆ ಮಾಡಬೇಕು?

ಅಂಬುಜಾ


ಕಲಬುರಗಿ
6 ಜನವರಿ 2025

ಚಿ. ಅಂಬುಜಾಳಿಗೆ ಆಶೀರ್ವಾದಗಳು.

ನಿನ್ನ ಪತ್ರವನ್ನು ಎಂಟು ಹತ್ತು ಸಲ ಓದಿದೆ. ಗಿರಣಿ, ನಳ, ಎಮ್ಮೆ ಎಲ್ಲವನ್ನೂ ಇಲ್ಲಿ ನೆಲದ ಮೇಲೆ ಬೆರಳಿನಿಂದ ಬರೆದು ನೋಡಿದೆ. ಇಲ್ಲಿ ನನಗೆ ಬೋರ್ಡ್ ಬರೆಯುವ ಕೆಲಸ ಕೊಟ್ಟಿದ್ದಾರೆ. ಅಡುಗೆ ಮನೆ, ಉಗ್ರಾಣ, ಇಲ್ಲಿ ಉಗುಳಬಾರದು. ಅಕ್ಷರ ಬಿಟ್ಟರೆ ಚಿತ್ರವಿಲ್ಲ.

ಮಣ್ಣಿನ ಬಣ್ಣಕ್ಕೆ ಹಳದಿ ಎರಡು ಪಾಲು, ಕೆಂಪು ಒಂದು ಪಾಲು, ಕಪ್ಪು ಚಿಟಿಕೆಯಷ್ಟು, ಉಳಿದದ್ದು ಬಿಳಿ. ಕಪ್ಪು ಜಾಸ್ತಿಯಾದರೆ ಗೋಡೆ ಸತ್ತಂತೆ ಕಾಣುತ್ತದೆ. ಎಲ್ಲ ಮನೆಗೂ ಒಂದೇ ಬಣ್ಣ ಹಚ್ಚಿಸಬೇಡ. ಒಂದೊಂದು ಬಟ್ಟಲಿನಲ್ಲಿ ಒಂದೊಂದು ಮಗು ತನ್ನದನ್ನು ತಾನೇ ಕಲಸಲಿ. ದೂರದಿಂದ ಹತ್ತಿರದ ಕಡೆಗೆ, ಮೇಲಿನಿಂದ ಕೆಳಗೆ ಬಣ್ಣ ಹಚ್ಚಬೇಕು. ನಿನಗೆ ಬೇಸರವಿಲ್ಲದಿದ್ದರೆ ಗೋಡೆಯ ಉದ್ದಗಲ ಬರೆದು ಕಳಿಸು, ನಾನು ನಕ್ಷೆ ಹಾಕಿ ಕಳಿಸುತ್ತೇನೆ.

ಅಂಬುಜಾ, ಒಂದು ಮಾತು ಬರೆಯದೆ ಇರಲಾರೆ. ಚೌಡೇಶನೂ ಹೀಗೆಯೇ ಬಣ್ಣ ಕಲಸುತ್ತಿದ್ದ. ಕೈಯಿಂದ. ನಾನು ಬೈದರೂ ಕೈಯಿಂದಲೇ. ವಾಡಿಯ ಆ ಗೋದಾಮಿನ ಗೋಡೆ ಇವತ್ತಿಗೂ ಕಣ್ಣ ಮುಂದೆ ಇದೆ. ಆ ಹಗ್ಗ ಕಟ್ಟಿದ್ದು ನಾನು. ಕೋರ್ಟಿನಲ್ಲಿ ಹೇಳಿದೆ, ನಿನ್ನ ಮುಂದೆ ಹೇಳಲಿಲ್ಲ. ನಿನ್ನ ಗಂಡನನ್ನು ಕೊಂದವನು ನಿನ್ನ ಅಣ್ಣ. ನೀನು ನನ್ನ ಮುಖ ನೋಡದೆ ಇರುವುದು ಸರಿಯಾಗಿದೆ. ಆದರೂ ಒಂದು ಸಲ, ನಿನ್ನ ಕೈಯಲ್ಲಿ, ಕ್ಷಮಿಸಿದ್ದೇನೆ ಎಂದಲ್ಲ, ಕ್ಷಮಿಸಿಲ್ಲ ಎಂದಾದರೂ ಬರೆ.

ಅವ್ವನ ಮೊಣಕಾಲಿನ ಬಗ್ಗೆ ಕೇಳಿದ್ದೆ.

ಹಣಮಂತರಾಯ


ಸೇಡಂ
30 ಜನವರಿ 2025

ಹಣಮಂತರಾಯ ಅವರಿಗೆ,

ಬೇರೆ ವಿಷಯ ಬೇಡ ಎಂದು ಮೊದಲ ಪತ್ರದಲ್ಲೇ ಬರೆದಿದ್ದೆ.

ಗೋಡೆ ಉದ್ದ ಹದಿನೆಂಟು ಅಡಿ. ನಕ್ಷೆ ಬೇಡ, ಮಕ್ಕಳು ಆಗಲೇ ಬಣ್ಣ ಹಚ್ಚಿದ್ದಾರೆ. ಹೇಳಿದ ಅಳತೆಯಲ್ಲಿ ಮಣ್ಣಿನ ಬಣ್ಣ ಬಂದಿದೆ.

ಒಂದು ತೊಂದರೆ ಆಗಿದೆ. ಗುಲ್ಶನ್ ತನ್ನ ಮನೆಗೆ ಮಹಡಿ ಬರೆದಳು. ಹೊರಗಿನಿಂದ ಮೆಟ್ಟಿಲು, ಮೇಲೆ ಒಂದು ಕೋಣೆ, ಎರಡು ಕಿಟಕಿ, ಕಿಟಕಿಗೆ ಕೆಂಪು ಪರದೆ. ಉಳಿದವರು ಸುಳ್ಳು ಸುಳ್ಳು ಎಂದರು. ಅವಳದು ಒಂದೇ ಕೋಣೆಯ ಮಣ್ಣಿನ ಮನೆ ಇತ್ತಂತೆ. ಹೊಳಿಸಿರೂರಿನ ಕೆಳಗಿನ ಓಣಿಯಲ್ಲಿ ಮಹಡಿ ಮನೆ ಒಂದೂ ಇರಲಿಲ್ಲ. ಅವಳು ಒಪ್ಪಲಿಲ್ಲ. ಮೇಲೆ ಫ್ರಿಜ್ಜೂ ಇತ್ತು ಎಂದಳು. ನಾನು ಆಮೇಲೆ ನೋಡೋಣ ಎಂದು ಬಿಟ್ಟೆ. ಮರುದಿನ ಊಟದ ಹೊತ್ತಿನಲ್ಲಿ ರತ್ನದೀಪ ಎಂಬ ಹುಡುಗ ಇನ್ನಿಬ್ಬರನ್ನು ಕಟ್ಟಿಕೊಂಡು ಕಲ್ಲಿನ ಚೂರಿನಿಂದ ಆ ಮಹಡಿಯನ್ನು ಗಿಲಾವಿನವರೆಗೆ ಕೆರೆದು ಹಾಕಿದ. ಕೇಳಿದರೆ, “ನಮ್ಮ ಮನಿ ಇದ್ದಂಗ ಬರ್ದೀವ್ರೀ ಮೇಡಂ. ಆಕಿ ಯಾಕ ಇಲ್ಲದ್ದು ಬರೀಬೇಕು?” ಎಂದ. ಅಳಲಿಲ್ಲ, ಹೆದರಲೂ ಇಲ್ಲ. ಗುಲ್ಶನ್ ಕೂಡ ಅಳಲಿಲ್ಲ. ಬಂದು ನೋಡಿ ಚೀಲ ತೆಗೆದುಕೊಂಡು ಹೋದಳು. ಆರು ದಿನದಿಂದ ಶಾಲೆಗೆ ಬಂದಿಲ್ಲ.

ಕೆರೆದ ಜಾಗ ಒಂದೂವರೆ ಅಡಿ ಅಗಲ ಇದೆ. ಅದನ್ನು ಹೇಗೆ ತುಂಬಬೇಕು?

ಅಂಬುಜಾ


ಕಲಬುರಗಿ
7 ಫೆಬ್ರವರಿ 2025

ಚಿ. ಅಂಬುಜಾಳಿಗೆ,

ಬರೆಯಬಾರದ್ದನ್ನು ಬರೆದೆ. ಇನ್ನು ಬರೆಯುವುದಿಲ್ಲ.

ಕೆರೆದ ಜಾಗದ ಅಂಚನ್ನು ಪಾಲಿಶ್ ಕಾಗದದಿಂದ ಉಜ್ಜು. ಬೆರಳು ಆಡಿಸಿದರೆ ಏರುತಗ್ಗು ಹತ್ತಬಾರದು. ಪುಟ್ಟಿ ಎರಡು ಸಲ, ನಡುವೆ ಒಂದು ದಿನ ಬಿಟ್ಟು. ಆಮೇಲೆ ಸುಣ್ಣ, ಆಮೇಲೆ ಬಣ್ಣ.

ಆ ಹುಡುಗಿಯ ವಿಷಯದಲ್ಲಿ ನನ್ನ ಮಾತು ಕೇಳಿದರೆ, ಇದ್ದದ್ದನ್ನೇ ಬರೆಸು. ಇಪ್ಪತ್ತೆರಡು ವರ್ಷ ಗೋಡೆ ಬರೆದಿದ್ದೇನೆ. ಅಂಗಡಿಯವರು ಇಲ್ಲದ ಸಾಮಾನೆಲ್ಲ ಬರೆಸುತ್ತಾರೆ, ನಾಲ್ಕು ದಿನ ಚೆಂದ, ಆಮೇಲೆ ಜನ ನಗುತ್ತಾರೆ. ಚಿಕ್ಕವಳಿದ್ದಾಗಲೇ ತಿದ್ದಬೇಕು. ಒಂದು ಕೋಣೆಯ ಮನೆಯೂ ಚೆಂದವೇ ಎಂದು ತಿಳಿಸಿ ಹೇಳು.

ಹಣಮಂತರಾಯ


ಸೇಡಂ
2 ಮಾರ್ಚ್ 2025

ಅಣ್ಣಾ,

ಪುಟ್ಟಿ ತಂದು ಕಲಸಿ ಇಟ್ಟಿದ್ದೆ. ನೀನು ಹೇಳಿದ ಹಾಗೆ ಆ ಹುಡುಗಿಗೆ ತಿಳಿಸಿ ಹೇಳಬೇಕೆಂದು ಶೆಡ್ಡಿಗೆ ಹೋದೆ. ಅವಳ ಅಜ್ಜಿ ಚಾಂದಬೀ ಹೊರಗೆ ಕೂತು ಅಕ್ಕಿ ಆರಿಸುತ್ತಿದ್ದಳು. ಗುಲ್ಶನ್ ಒಳಗೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ನಾನು ಬಂದ ಕಾರಣ ಹೇಳಿದೆ. ಹುಡುಗಿ ಸುಳ್ಳು ಹೇಳುತ್ತಾಳೆ, ಅದಕ್ಕೇ ಉಳಿದವರಿಗೆ ಸಿಟ್ಟು ಎಂದೆ.

ಚಾಂದಬೀ ಮೊರ ಕೆಳಗಿಟ್ಟಳು. ನೀರು ಬಂದ ದಿನ ಬೆಳಿಗ್ಗೆ ಇವಳು ಮೊಮ್ಮಗಳನ್ನು ಕರೆದುಕೊಂಡು ಮೇಲಿನ ಓಣಿಗೆ ಹೋಗಿದ್ದಳಂತೆ. ಸೊಸೆ, ಗುಲ್ಶನ್‌ಳ ತಾಯಿ, ಆಡು ಬಿಚ್ಚಿಕೊಂಡು ಬರುತ್ತೇನೆ ಎಂದು ಹಿಂದೆ ಉಳಿದಳು. ನೀರು ಮೊಣಕಾಲಿಗೆ ಬಂದಿತ್ತು, ಅಷ್ಟೇ. ಹಿಂದಿನ ಗೋಡೆ ನೆನೆದು ಒಮ್ಮೆಲೇ ಕುಸಿಯಿತು. ಇಷ್ಟು ಹೇಳಿ ಚಾಂದಬೀ, “ಮ್ಯಾಲೊಂದು ಖೋಲಿ ಇದ್ದಿದ್ರ ಅಮ್ಮಿ ಹತ್ತಿ ಕುಂದರ್ತಿದ್ಳು ಅಂತ ದಿನಾ ಹೇಳ್ತದ ಕೂಸು. ನಾ ಏನ್ ಹೇಳ್ಲಿ ಮೇಡಂ? ಖರೇನೇ ಅದ. ಇದ್ದಿದ್ರ ಹತ್ತಿ ಕುಂದರ್ತಿದ್ಳು” ಎಂದಳು.

ಮತ್ತೆ ಅಕ್ಕಿ ಆರಿಸತೊಡಗಿದಳು. ನಾನು ಎದ್ದು ಬಂದೆ. ಹುಡುಗಿಗೆ ಏನೂ ಹೇಳಲಿಲ್ಲ.

ಮರುದಿನ ತರಗತಿಯಲ್ಲಿ ಇದನ್ನು ಹಾಗೇ ಹೇಳಿದೆ. ಬೈಯಲಿಲ್ಲ. ಕೆರೆದ ಜಾಗವನ್ನು ರತ್ನದೀಪನೇ ಉಜ್ಜಿದ, ಪುಟ್ಟಿ ಅವನೇ ಹಚ್ಚಿದ. ಮೂರನೆಯ ದಿನ ಅವನೇ ಹೋಗಿ ಗುಲ್ಶನ್‌ಳನ್ನು ಕರೆದುಕೊಂಡು ಬಂದ. ಅವಳು ಮೊದಲಿನ ಹಾಗೆಯೇ ಮೆಟ್ಟಿಲು, ಕೋಣೆ, ಎರಡು ಕಿಟಕಿ ಬರೆದಳು. ನಾನು ಹೊರಗೆ ಹೋಗಿ ಬರುವಷ್ಟರಲ್ಲಿ ರತ್ನದೀಪ ತನ್ನ ಮನೆಯ ಮೇಲೂ ಒಂದು ಕೋಣೆ ಎಬ್ಬಿಸಿದ್ದ. ಕೇಳಿದ್ದಕ್ಕೆ, ನಮ್ಮಜ್ಜಗೂ ಬೇಕಾಗ್ತದ ಎಂದ. ವಾರದೊಳಗೆ ಓಣಿಯ ಅಷ್ಟೂ ಮನೆಗೂ ಮಹಡಿ ಬಂತು. ಎಲ್ಲಕ್ಕೂ ಹೊರಗಿನಿಂದ ಮೆಟ್ಟಿಲು. ಎಮ್ಮೆ ಕಟ್ಟುವ ಜಾಗಕ್ಕೂ ಒಬ್ಬಳು ಮೆಟ್ಟಿಲು ಹಾಕಿದ್ದಾಳೆ.

ಶಿವರಾಯ ಸರ್ ಬಂದು ನೋಡಿ ತಲೆ ಮೇಲೆ ಕೈ ಇಟ್ಟುಕೊಂಡರು. ಅವರ ಹೆಂಡತಿಯ ತವರು ಹೊಳಿಸಿರೂರ. “ಇದ್ಯಾವ ಊರ್ರೀ ಮೇಡಂ, ಸಾಹೇಬ್ರು ಬಂದು ಕೇಳಿದ್ರ ಏನಂತ ಹೇಳ್ಲಿ?” ಎಂದರು. ಅಳಿಸಿರಿ ಎಂದು ಮಾತ್ರ ಅನ್ನಲಿಲ್ಲ.

ಅಣ್ಣಾ, ಇನ್ನು ನಾನು ಬೇಡವೆಂದಿದ್ದ ವಿಷಯ.

ಆ ಭಾನುವಾರ ನಮ್ಮ ಮನೆಯವರು ನಿನ್ನ ಕೆಲಸಕ್ಕೆ ಬರಲು ಒಲ್ಲೆ ಎಂದಿದ್ದರು. ವಾರವೆಲ್ಲ ಕಲ್ಲಿನ ಪಾಲಿಶ್ ಮಷೀನಿನ ಮುಂದೆ ನಿಂತು ಸೊಂಟ ಹಿಡಿದಿತ್ತು. ಇವತ್ತೊಂದು ದಿನ ಮಲಗುತ್ತೇನೆ, ನಿಮ್ಮಣ್ಣನಿಗೆ ಫೋನ್ ಮಾಡಿ ಹೇಳು ಎಂದರು. ನಾನೇ ಹೊದ್ದಿದ್ದ ಕೌದಿ ಎಳೆದೆ. ಅಣ್ಣ ಒಬ್ಬನೇ ಆಗುತ್ತಾನೆ, ಏಳ್ರಿ ಎಂದೆ. ಚಹಾ ಕೂಡ ಅರ್ಧ ಕುಡಿದು ಹೋದರು.

ಇದನ್ನು ನಾನು ಯಾರಿಗೂ ಹೇಳಿಲ್ಲ. ಅತ್ತೆಗೆ ಹೇಳಿಲ್ಲ, ಅವ್ವನಿಗೆ ಹೇಳಿಲ್ಲ. ಜನರೆಲ್ಲ ನಿನ್ನನ್ನು ಬೈಯುವಾಗ ಸುಮ್ಮನೆ ಕೂತು ಕೇಳಿದೆ. ಮೇಲೆ ಕೂತಾಗ ಅವರು ನಿನಗೆ ಹೇಳಿರಬೇಕು, ನಿನಗೆ ಎಲ್ಲ ಗೊತ್ತಿರಬೇಕು ಎಂದು ಅಂಜಿಕೊಂಡೇ ನಿನ್ನ ಮುಂದೆ ಬರಲಿಲ್ಲ. ಸಿಟ್ಟಿಗಲ್ಲ. ಸಿಟ್ಟು ಇದ್ದಿದ್ದರೆ ಬಂದು ಬೈದು ಹೋಗುತ್ತಿದ್ದೆ. ನೀನು ಅಪೀಲು ಬೇಡವೆಂದು ಒಳಗೆ ಹೋದಾಗ, ಇವನು ತನ್ನ ಪಾಲು ತೀರಿಸಿಕೊಂಡ, ಉಳಿದದ್ದನ್ನು ನನ್ನ ತಲೆಯ ಮೇಲೆ ಬಿಟ್ಟು ಹೋದ ಎಂದು ಅನಿಸಿತು.

ಅವ್ವನ ಮೊಣಕಾಲು ಕೆಟ್ಟಿದೆ. ಗೋಡೆ ಹಿಡಿದು ನಡೆಯುತ್ತಾಳೆ. ನಾನು ನಿನಗೆ ಪತ್ರ ಬರೆಯಲು ಕೂತಾಗಲೆಲ್ಲ ಮುಂದೆ ಬಂದು ಕೂತು, ಬಿಟ್ಟ ಕೂಡಲೇ ಸೀದಾ ಮನೆಗೆ ಬಾ ಎಂದು ಬರಿ ಅನ್ನುತ್ತಿದ್ದಳು. ಬರೆದೆ ಎಂದು ಸುಳ್ಳು ಹೇಳುತ್ತಿದ್ದೆ.

ಅವರು ನಿನಗೆ ಏನು ಹೇಳಿದರು?

ಅಂಬುಜಾ


ಕಲಬುರಗಿ
14 ಮಾರ್ಚ್ 2025

ಚಿ. ಅಂಬುಜಾಳಿಗೆ,

ನಿನ್ನ ಪತ್ರ ಬಂದು ಐದು ದಿನವಾಯಿತು. ಸುಳ್ಳು ಬರೆಯಬೇಕೆಂದು ಎರಡು ದಿನ ಯೋಚಿಸಿದೆ. ಅವನು ಏನೂ ಹೇಳಲಿಲ್ಲ ಎಂದು ಬರೆದರೆ ಮುಗಿಯುತ್ತಿತ್ತು. ಆಮೇಲೆ ಆ ಹುಡುಗಿಯ ಮಹಡಿಯ ವಿಷಯದಲ್ಲಿ ನಿನಗೆ ಹೇಳಿದ್ದು ನೆನಪಾಯಿತು. ಅಲ್ಲಿ ನನ್ನ ಮಾತು ತಪ್ಪಾಗಿತ್ತು. ಇಲ್ಲಿ ಇದ್ದದ್ದನ್ನೇ ಬರೆಯುತ್ತೇನೆ.

ಹೇಳಿದ. ಹಗ್ಗಕ್ಕೆ ಕಟ್ಟಿದ್ದ ಹಲಗೆಯ ಮೇಲೆ ಹತ್ತಿ ಕೂತ ಕೂಡಲೇ, “ನಿಮ್ಮ ತಂಗಿ ಕೌದಿ ಕಸಗೊಂಡು ಕಳಿಸ್ಯಾಳ್ರೀ” ಎಂದು ನಕ್ಕ. ಸಿಟ್ಟಿನಲ್ಲಿ ಹೇಳಿದ್ದಲ್ಲ. ಊಟಕ್ಕೆ ಏನು ಕಟ್ಟಿದ್ದಾಳೆ ಎಂದು ಕೇಳಿದೆ, ಪುಂಡಿ ಪಲ್ಯ ಎಂದ. ಮೇಲಿನಿಂದ ವಾಡಿ ಸ್ಟೇಷನ್ ಕಾಣುತ್ತಿತ್ತು. ಗೂಡ್ಸ್ ಗಾಡಿಯ ಡಬ್ಬಿ ಎಣಿಸುತ್ತ ಸ್ವಲ್ಪ ಹೊತ್ತು ಕೂತ. ಹನ್ನೊಂದರ ಹೊತ್ತಿಗೆ ಹಳದಿ ಡಬ್ಬಿ ಕೊಡ್ರಿ ಎಂದ. ನಾನು ತಿರುಗಿ ಡಬ್ಬಿ ಎತ್ತಿಕೊಳ್ಳುವಾಗ ಅವನ ಕಡೆಯ ಹಗ್ಗ ಹರಿಯಿತು. ನನ್ನ ಕಡೆಯದು ಹರಿಯಲಿಲ್ಲ.

ಆ ಹಗ್ಗ ಎರಡು ಮಳೆಗಾಲ ಹೊರಗೆ ಮೊಳೆಗೆ ನೇತಾಡುತ್ತಿತ್ತು. ಬೆಳಿಗ್ಗೆ ಕಟ್ಟುವಾಗ ನೋಡಿದ್ದೆ. ಒಂದು ಕಡೆ ಎಳೆ ಬಿಟ್ಟಿತ್ತು. ಇವತ್ತೊಂದು ದಿನ ತಡೆಯುತ್ತದೆ ಎಂದುಕೊಂಡೆ. ನೀನು ಅವನನ್ನು ಕಳಿಸಿದ್ದು ನಿಜ. ನಾನು ಕರೆದಿದ್ದೂ ನಿಜ. ಕಳಿಸಿದ ನೀನು ಆ ಎಳೆಯನ್ನು ನೋಡಿರಲಿಲ್ಲ, ಕಟ್ಟಿದ ನಾನು ನೋಡಿದ್ದೆ. ಇಷ್ಟು ನೀನು ತಿಳಿದುಕೊಂಡಿರಬೇಕು.

ಪೊಲೀಸರು ಅವನು ಹೇಗೆ ಬಂದ ಎಂದು ಕೇಳಿದಾಗ ನಾನೇ ಕರೆದೆ ಎಂದಷ್ಟೇ ಹೇಳಿದೆ. ನಿನ್ನ ಹೆಸರು ಆ ಕಾಗದದಲ್ಲಿ ಬರುವುದು ಬೇಡವಿತ್ತು. ವಕೀಲರು ಅಪೀಲು ಮಾಡೋಣ, ಜಾಮೀನು ಸಿಗುತ್ತದೆ ಎಂದರು. ಹೊರಗೆ ಇದ್ದರೆ ಶಹಾಬಾದದ ಬಜಾರಿನಲ್ಲಿ ದಿನಾ ನಿನ್ನ ಎದುರು ಬರಬೇಕಾಗಿತ್ತು. ಒಳಗೆ ಬರುವುದು ಅದಕ್ಕಿಂತ ಸುಲಭವಾಗಿತ್ತು. ನೀನು ಬರೆದದ್ದು ಸರಿ. ನಿನ್ನನ್ನು ಬಿಟ್ಟು ಬಂದೆ.

ಏಪ್ರಿಲ್ 11, ಶುಕ್ರವಾರ ಬಿಡುತ್ತಾರೆ. ಬೆಳಿಗ್ಗೆ ಹತ್ತರ ಸುಮಾರಿಗೆ. ಬಾ ಎಂದು ಹೇಳುತ್ತಿಲ್ಲ. ತಿಳಿಸಬೇಕಾಗಿತ್ತು, ತಿಳಿಸಿದ್ದೇನೆ.

ಹಣಮಂತರಾಯ


ವಾಡಿ
22 ಏಪ್ರಿಲ್ 2025

ಚಿ. ಅಂಬುಜಾಳಿಗೆ ಆಶೀರ್ವಾದಗಳು.

ಹನ್ನೊಂದನೆಯ ತಾರೀಖಿಗೆ ಬಿಡುಗಡೆ ಆಯಿತು. ಗೇಟಿನ ಹೊರಗೆ ಯಾರೂ ಇರಲಿಲ್ಲ. ಇರಬೇಕೆಂದು ನಾನೂ ಅಂದುಕೊಂಡಿರಲಿಲ್ಲ. ನನ್ನ ಮಾರ್ಚ್ ಪತ್ರಕ್ಕೆ ನೀನು ಉತ್ತರ ಬರೆಯದೆ ಇದ್ದಾಗಲೇ ತಿಳಿದೆ. ಇದನ್ನು ದೂರು ಎಂದು ತಿಳಿಯಬೇಡ. ಎದುರಿನ ಚಹಾ ಅಂಗಡಿಯಲ್ಲಿ ಒಂದು ತಾಸು ಕೂತೆ. ಯಾವ ಬಸ್ಸು ಹತ್ತಬೇಕೆಂದು ಹೊಳೆಯಲಿಲ್ಲ. ಸೇಡಮ್ಮಿನ ಬಸ್ಸು ಎರಡು ಹೋದವು. ಕೊನೆಗೆ ಸ್ಟೇಷನ್ನಿಗೆ ಹೋಗಿ ವಾಡಿಯ ಗಾಡಿ ಹತ್ತಿದೆ.

ಇಲ್ಲಿ ಸಂತೋಷಕುಮಾರ ಎಂಬ ಪೇಂಟರ್ ಕೆಲಸ ಕೊಟ್ಟಿದ್ದಾನೆ. ಹಿಂದೆ ನನ್ನ ಕೈಕೆಳಗೆ ಕಲಿತವನು. ಅಂಗಡಿಯ ಶಟರಿನ ಮೇಲೆ ಹೆಸರು, ಆಟೋಗಳ ಹಿಂದೆ ನಂಬರು. ನೆಲದ ಮೇಲೆ ನಿಂತು ಮಾಡುವ ಕೆಲಸವಾದರೆ ಮಾತ್ರ ಮಾಡುತ್ತೇನೆ ಎಂದು ಮೊದಲೇ ಹೇಳಿದ್ದೇನೆ. ಅವನ ಗೋದಾಮಿನ ಪಕ್ಕದ ಕೋಣೆಯಲ್ಲಿ ಇರುತ್ತೇನೆ. ವಿಳಾಸ ಕಾಗದದ ಹಿಂಬದಿಗೆ ಬರೆದಿದ್ದೇನೆ.

ಅವ್ವನಿಗೆ ನಾನು ಬಿಡುಗಡೆಯಾದದ್ದು ಹೇಳಬೇಕೋ ಬೇಡವೋ ನೀನೇ ನೋಡು. ನೀನು ಬರಲಿ ಅನ್ನುವವರೆಗೆ ನಾನು ಬರುವುದಿಲ್ಲ.

ಹಣಮಂತರಾಯ


ಸೇಡಂ
8 ಜೂನ್ 2025

ಅಣ್ಣಾ,

ಈ ಪತ್ರವನ್ನು ಏಪ್ರಿಲ್‌ನಲ್ಲೇ ಬರೆಯಬೇಕಾಗಿತ್ತು. ದಿನಾ ಬರೆಯುತ್ತೇನೆ ಎಂದುಕೊಳ್ಳುತ್ತಿದ್ದೆ. ಏನೋ ಕೆಲಸ ಬರುತ್ತಿತ್ತು. ಕೆಲಸ ಇಲ್ಲದ ದಿನ ಸುಮ್ಮನೆ ಕೂಡುತ್ತಿದ್ದೆ.

ಮೊದಲು ಶಾಲೆಯ ಸುದ್ದಿ. ಮಾರ್ಚ್ ಕೊನೆಗೆ ಶಿಕ್ಷಣ ಇಲಾಖೆಯ ಸಾಹೇಬರು ಬಂದು ಗೋಡೆ ನೋಡಿದರು. ಚೆಂದ ಆಗಿದೆ ಎಂದರು. ಎಲ್ಲ ಮನೆಗೂ ಮಹಡಿ ಇದೆಯಲ್ಲ, ಇದು ಯಾವ ಊರು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಶಿವರಾಯ ಸರ್, “ಹೊಳಿಸಿರೂರ ಸಾಹೇಬ್ರ. ಹೀಂಗೇ ಇತ್ತು” ಎಂದರು. ಸಾಹೇಬರು ಫೋಟೋ ತೆಗೆಸಿಕೊಂಡು ಹೋದರು. ಸರ್ ಆಮೇಲೆ ಆ ವಿಷಯ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮೇ ತಿಂಗಳಲ್ಲಿ ಶೆಡ್ಡುಗಳು ಖಾಲಿಯಾದವು. ತಗಡು ಕಾದು ಒಳಗೆ ಕೂಡಲು ಆಗುತ್ತಿರಲಿಲ್ಲ. ಅರ್ಧ ಮಂದಿ ಕಟ್ಟಡದ ಕೆಲಸಕ್ಕೆ ಹೈದರಾಬಾದಿಗೆ ಹೋದರು, ಕೆಲವರು ಸುಲೇಪೇಟದ ಕಡೆ ಸಂಬಂಧಿಕರ ಮನೆಗೆ. ಚಾಂದಬೀ ಗುಲ್ಶನ್‌ಳನ್ನು ಕರೆದುಕೊಂಡು ತಾಂಡೂರಿಗೆ ಮಗಳ ಮನೆಗೆ ಹೋದಳು. ಹೋಗುವ ದಿನ ಗುಲ್ಶನ್ ಶಾಲೆಗೆ ಬಂದಿದ್ದಳು. ರಜೆ, ಕೋಣೆಗೆ ಬೀಗ. ಕಿಟಕಿಯಿಂದ ಒಳಗೆ ನೋಡಿದಳು. ತಾಂಡೂರಿನ ಅತ್ತೆಯ ಮನೆ ಮೂರು ಮಹಡಿಯದು ಎಂದಳು. ಹೌದಾ ಎಂದೆ. ಹೂಂ ಎಂದು ಹೋದಳು.

ಶಾಲೆ ಶುರುವಾದ ಮೇಲೆ ಆ ಮಕ್ಕಳಲ್ಲಿ ಒಂಬತ್ತು ಮಂದಿ ಬಂದಿದ್ದಾರೆ. ಉಳಿದ ಇಪ್ಪತ್ತೆರಡು ಹೆಸರಿಗೆ ಗೆರೆ ಹೊಡೆದೆ. ಆ ಕೋಣೆಯನ್ನು ಒಂದನೆಯ ತರಗತಿಗೆ ಕೊಟ್ಟಿದ್ದಾರೆ. ಅವರಿಗೆ ಹೊಳಿಸಿರೂರ ಗೊತ್ತಿಲ್ಲ. ಮೆಟ್ಟಿಲುಗಳ ಮೇಲೆ ಬೆರಳಿಟ್ಟು ಒಂದು ಎರಡು ಮೂರು ಎಂದು ಎಣಿಸುತ್ತಾರೆ. ನಾನೂ ಅಂಕಿಗಳನ್ನು ಅಲ್ಲಿಯೇ ಹೇಳಿಕೊಡುತ್ತಿದ್ದೇನೆ.

ಇನ್ನು ಏಪ್ರಿಲ್ ಹನ್ನೊಂದರ ವಿಷಯ. ಗೇಟಿನ ಹೊರಗೆ ಯಾರೂ ಇರಲಿಲ್ಲ ಎಂದು ಬರೆದಿದ್ದೀಯ. ನಾನು ಇದ್ದೆ. ಬೆಳಿಗ್ಗೆ ಏಳರ ಬಸ್ಸಿಗೆ ಬಂದಿದ್ದೆ. ಗೇಟಿನಿಂದ ಸ್ವಲ್ಪ ದೂರ, ರಸ್ತೆಯ ಈಚೆ, ಒಂದು ಬೇವಿನ ಗಿಡದ ಕೆಳಗೆ ನಿಂತಿದ್ದೆ. ನೀನು ಕೈಯಲ್ಲಿ ಬಟ್ಟೆಯ ಚೀಲ ಹಿಡಿದು ಹೊರಗೆ ಬಂದೆ. ತೆಳ್ಳಗಾಗಿದ್ದೀಯ. ತಲೆ ಪೂರ್ತಿ ಬೆಳ್ಳಗಾಗಿದೆ. ಚಹಾ ಅಂಗಡಿಯಲ್ಲಿ ಕೂತದ್ದು, ಎರಡು ಸಲ ಎದ್ದು ಬಸ್ಸು ನೋಡಿ ಮತ್ತೆ ಕೂತದ್ದು ಎಲ್ಲ ನೋಡಿದೆ. ಕರೆಯಬೇಕೆಂದು ಬಂದವಳು ಕರೆಯಲಿಲ್ಲ. ಅಳು ಬರಲಿಲ್ಲ, ಸಿಟ್ಟು ಬರಲಿಲ್ಲ, ಏನೂ ಬರಲಿಲ್ಲ. ಕಾಲು ಎತ್ತಲು ಆಗಲಿಲ್ಲ, ಅಷ್ಟೇ. ನೀನು ಆಟೋ ಹತ್ತಿ ಹೋದ ಮೇಲೆ ಆ ಚಹಾ ಅಂಗಡಿಗೆ ಹೋಗಿ ಒಂದು ಚಹಾ ಕುಡಿದೆ. ಆಮೇಲೆ ಮನೆಗೆ ಬಂದೆ.

ಅವ್ವನಿಗೆ ಅವತ್ತು ಏನೂ ಹೇಳಲಿಲ್ಲ. ಮೊನ್ನೆ ಎಲ್ಲವನ್ನೂ ಹೇಳಿದೆ. ಕೌದಿ ಎಳೆದದ್ದನ್ನೂ ಹೇಳಿದೆ. ಅವಳು ಮೊಣಕಾಲು ಒತ್ತಿಕೊಳ್ಳುತ್ತ ಪೂರ್ತಿ ಕೇಳಿದಳು. ಆಮೇಲೆ, “ಅವನೂ ಹೋದ, ನೀವಿಬ್ಬರೂ ಹೋದ್ರಿ. ನಾ ಮೂರು ಮಂದೀನ ಕಳಕೊಂಡು ಕುಂತೀನಿ” ಎಂದಳು. ಎದ್ದು ಗೋಡೆ ಹಿಡಿದುಕೊಂಡು ಒಳಗೆ ಹೋದಳು.

ನೀನು ಇಲ್ಲಿಗೆ ಬರುವ ಮೊದಲು ನಾನೇ ವಾಡಿಗೆ ಬರಬೇಕೆಂದಿದ್ದೇನೆ. ಅವರು ಬಿದ್ದ ಆ ಗೋದಾಮಿನ ಗೋಡೆಯನ್ನು ನಾನು ಇದುವರೆಗೆ ನೋಡಿಲ್ಲ. ತೋರಿಸು. ಬರುವ ಶನಿವಾರ, ಹದಿನಾಲ್ಕು, ಅರ್ಧ ದಿನದ ಶಾಲೆ. ಮಧ್ಯಾಹ್ನದ ಗಾಡಿಗೆ ಬರುತ್ತೇನೆ. ಸ್ಟೇಷನ್ನಿನ ಹೊರಗೆ ನಿಂತಿರು. ಆ ಗಾಡಿಗೆ ನಾನು ಇಳಿಯದಿದ್ದರೆ ಹೋಗಿಬಿಡಬೇಡ, ಅದರ ಹಿಂದಿನ ಗಾಡಿಗೂ ನಿಲ್ಲು.

ಅಂಬುಜಾ